ಕೌದಿಯ ಹೊಟ್ಟೆಗೊಂದು ಚೂರು ರೊಟ್ಟಿ

ಟ್ರಂಕಿನ ತಳದಲ್ಲಿದ್ದ ಚೀಲ ಬಿಚ್ಚಿದೊಡನೆ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಬಂತು. ಹನ್ನೊಂದು ವರ್ಷವಾದರೂ ಹೋಗಿರಲಿಲ್ಲ. ಒಳಗೆ ಕುಬುಸ ಹೊಲಿದು ಉಳಿದ ತುಂಡುಗಳು. ಹಸಿರು ಬೇರೆ, ಕೆಂಪು ಬೇರೆ, ಹಳದಿ ಬೇರೆ ಮಾಡಿ, ಮಡಚಿ, ದಾರ ಕಟ್ಟಿದ್ದವು. ಕಟ್ಟಿದವರು ಉಗರಗೋಳದ ಟೇಲರ್, ಒಮ್ಮೆ ನನ್ನನ್ನು ನೋಡಲು ಬಂದಿದ್ದವರು.

ನೋಡಲು ಎಂದರೆ ಉಪ್ಪಿಟ್ಟಿನ ತಾಟು ಹಿಡಿಸಿ ನಿಲ್ಲಿಸುವ ಶಾಸ್ತ್ರವಲ್ಲ. ಮೊದಲು ಅವರಿಬ್ಬರೂ ಮಾತಾಡಲಿ, ಹಿರಿಯರು ಆಮೇಲೆ ಕೂಡೋಣ ಎಂದು ಎರಡೂ ಮನೆಯ ತಾಯಂದಿರು ಫೋನಿನಲ್ಲೇ ಒಪ್ಪಿದ್ದರು. ಹಾಗಾಗಿ ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಹತ್ತಿರದ ಐಸ್‌ಕ್ರೀಮ್ ಅಂಗಡಿ. ನನ್ನಣ್ಣ ಮೂರು ಟೇಬಲ್ ಆಚೆ ಬೆನ್ನು ಮಾಡಿ ಕುಳಿತಿದ್ದ, ಕಿವಿ ಮಾತ್ರ ನಮ್ಮ ಕಡೆ ಬಿಟ್ಟು.

ನಾನಾಗ ಡಿಗ್ರಿ ಮುಗಿಸಿದ ಠೇಂಕಾರದಲ್ಲಿದ್ದೆ. ಗೆಳತಿಯರು ಪಾಠ ಹೇಳಿ ಕಳಿಸಿದ್ದರು: ಸಿನಿಮಾ ಕೇಳು, ತಿರುಗಾಟ ಕೇಳು, ಸುಮ್ಮನೆ ಮಾತ್ರ ಕೂಡಬೇಡ. ಕೇಳಿದೆ. ಸಿನಿಮಾ ನೋಡುವುದು ಕಡಿಮೆ ಎಂದರು. ತಿರುಗಾಟವೆಂದರೆ ಬಟ್ಟೆ ತರಲು ಧಾರವಾಡಕ್ಕೆ ಹೋಗುವುದಂತೆ. ಅವರು ನಿಮ್ಮ ಕಡೆ ಮಳೆ ಹೇಗೆ ಎಂದರು, ಆಯಿತು ಎಂದೆ. ಅಲ್ಲಿಗೆ ನನ್ನ ಪಾಠ ಮುಗಿದು, ಐಸ್‌ಕ್ರೀಮು ಕರಗತೊಡಗಿತು. ಅವರು ಕೈ ಒರೆಸುವ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದರು... ಆ ಕೈಗಳು ನನಗೆ ಹಿಡಿಸಿದವು. ಹಾಗೆಂದು ಹೇಳಲು ಈಗ ನಾಚಿಕೆಯೇನಿಲ್ಲ.

ಆಮೇಲೆ ತಲೆಯೆತ್ತದೆ ಕೇಳಿದರು: "ನಿಮ್ಮ ಮನ್ಯಾಗ ಕೌದಿ ಮುಗಸೂ ಮುಂದ ಅದರ ಹೊಟ್ಟಿಗೆ ಏನ ಇಡ್ತೀರಿ?"

ಹಳೆಯ ಸೀರೆಗಳನ್ನು ಪದರ ಮಾಡಿ, ಮೇಲೆ ಬಣ್ಣದ ತುಂಡು ಕೂಡಿಸಿ ಹೊಲಿಯುವ ಕೌದಿಗೆ, ಕೊನೆಯ ತೇಪೆ ಮುಚ್ಚುವ ಮೊದಲು ತಿನ್ನುವುದೇನಾದರೂ ಒಳಗಿಡುವುದು ನಮ್ಮಂಥ ಕೆಲವು ಮನೆಗಳ ಪದ್ಧತಿ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ತಮ್ಮ ಮನೆಯಲ್ಲಿ ಬೆಲ್ಲದ ಚೂರು ಇಡುವುದೆಂದರು. ತಾಯಿಯ ಕಣ್ಣು ಮಂಜಾದ ಮೇಲೆ ತಾವೇ ಹೊಲಿಯುತ್ತಾರಂತೆ. ಮಷೀನಿನ ಮೇಲಲ್ಲ, ಕೈಯಲ್ಲಿ. ಅದರಷ್ಟು ಖುಷಿ ಬೇರಾವುದರಲ್ಲೂ ಇಲ್ಲವೆಂದರು. ಮೊದಲ ಸಲ ಕಂಡವಳ ಮುಂದೆ ಗಂಡಸೊಬ್ಬ ಇಷ್ಟು ಹೇಳಿಕೊಳ್ಳುವುದು ಸಣ್ಣ ಮಾತಲ್ಲ.

ನನಗೂ ಅದೇ ಖುಷಿ. ಪುಸ್ತಕಕ್ಕಿಂತ ಸೂಜಿ ಹಿಡಿದದ್ದೇ ಹೆಚ್ಚು. ಆದರೆ ಕಾಲೇಜಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ, ಹಳ್ಳಿಯವಳು ಅಂದಾರೆಂದು. ಸೂಜಿ ಚುಚ್ಚಿದ ಬೆರಳನ್ನು ಟೇಬಲ್ ಕೆಳಗೆ ಬಚ್ಚಿಟ್ಟುಕೊಂಡು ನಕ್ಕುಬಿಟ್ಟೆ.

"ಅದೆಲ್ಲಾ ಮುದುಕ್ಯಾರ ಕೆಲಸ್ರಿ. ನನಗ ಸೂಜಿ ಹಿಡಿಯಾಕೂ ಬರಂಗಿಲ್ರಿ."

ಅವರು ಒಮ್ಮೆ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ... ಹೌದು ಎಂದು ತಲೆಯಾಡಿಸಿ, ಕರಗಿದ ಐಸ್‌ಕ್ರೀಮನ್ನು ಪೂರ್ತಿ ಮುಗಿಸಿದರು. ಹೊರಡುವಾಗ ಕಾಲ ಬಳಿಯಿದ್ದ ಚೀಲವನ್ನು ಅಣ್ಣನ ಕೈಗಿತ್ತು, ಅವ್ವನಿಗೆ ಮುಟ್ಟಿಸಲು ಹೇಳಿದರು.

ಮನೆಯಲ್ಲಿ ಚೀಲ ಬಿಚ್ಚಿದ ಅವ್ವ ಹಿಗ್ಗಿಹೋದಳು. "ನೀ ಛಲೋ ಕೌದಿ ಹೊಲೀತಿ ಅಂತ ನಾನ ಅವರಿಗೆ ಹೇಳಿದ್ದೆ. ನಿನಗಂತನ ತಂದಾರ ನೋಡು."

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದರು, ನನಗೆ ಮಾತು ಸಲೀಸಾಗಲೆಂದು. ನಡೆದದ್ದನ್ನು ಹೇಳಿದೆ. ಅವ್ವ ಬೈಯಲಿಲ್ಲ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚೀಲದ ಬಾಯಿ ಕಟ್ಟಿದಳು. ಎಂಟು ದಿನಕ್ಕೆ ಅವರ ಮನೆಯಿಂದ ಫೋನು ಬಂತು: ಹುಡುಗಿಗೆ ಮನಸ್ಸಿದ್ದಂತಿಲ್ಲ, ಒತ್ತಾಯ ಬೇಡ. ನಾನು ಸುಳ್ಳು ಹೇಳಿದ್ದನ್ನು ಅವರು ಮನೆಯಲ್ಲೂ ಹೇಳಿರಲಿಲ್ಲ. ತಪ್ಪಾಯಿತೆಂದು ನಾನೇ ಒಂದು ಫೋನು ಮಾಡಬಹುದಿತ್ತು. ನಂಬರೂ ಇತ್ತು. ಇಂದು, ನಾಳೆ ಅನ್ನುತ್ತ... ಮುಂದೆ ನನ್ನ ಮದುವೆಯಾಯಿತು. ಒಳ್ಳೆಯ ಮನೆ, ದೂರುವಂಥದ್ದೇನಿಲ್ಲ.

ಹೋದ ತಿಂಗಳು ದೇವಿಯ ದರ್ಶನಕ್ಕೆಂದು ಗುಡ್ಡಕ್ಕೆ ಹೋದಾಗ ಉಗರಗೋಳದಲ್ಲಿ ಇಳಿದು ಅವರ ಅಂಗಡಿ ಕೇಳಿದೆ. ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಯಿತೆಂದರು ಪಕ್ಕದ ಬಳೆಯಂಗಡಿಯವರು. ಸುಮ್ಮನೆ ಹಿಂತಿರುಗಲಾರದೆ ಒಂದು ಡಜನ್ ಬಳೆ ಕೊಂಡೆ. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದವಳೇ ಟ್ರಂಕಿನ ಚೀಲ ಬಿಚ್ಚಿದ್ದು; ಅಂದಿನಿಂದ ಅವೇ ತುಂಡುಗಳ ಕೌದಿ ಹೊಲಿಯುತ್ತಿದ್ದೆ. ಇಂದು ಮಧ್ಯಾಹ್ನ ಕೊನೆಯ ತೇಪೆಗೆ ಬಂತು. ಬುಟ್ಟಿಯಲ್ಲಿದ್ದ ಜೋಳದ ರೊಟ್ಟಿಯಲ್ಲಿ ಒಂದು ಚೂರು ಮುರಿದು ತಂದು ಒಳಗಿಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ.

"ರೊಟ್ಟಿ ಚೂರ ಇಡ್ತೇವ್ರಿ," ಅಂದೆ.

ಅಂದು ಕೇಳಿದವರೇ ಇಲ್ಲ. ತೇಪೆ ಮುಚ್ಚಿ ಹೊಲಿದೆ.