ಓರೆಯಾಗಿದ್ದದ್ದು ಯಂತ್ರ

ಮೊನ್ನೆ ಆಸ್ಪತ್ರೆಯಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಸವರಿದಳು. ಆ ವಾಸನೆಗೆ ನಿಮಗೆ ಸೂಜಿ ನೆನಪಾದೀತು. ನನಗೆ ನೆನಪಾದದ್ದು ಹೊಸಪೇಟೆಯ ಕಾರ್ಖಾನೆಯೊಂದರ ತಪಾಸಣೆ ಕೋಣೆ. ತೊಂಬತ್ತರ ದಶಕದಲ್ಲಿ ಅಲ್ಲಿನ ಅಳತೆಯಂತ್ರದ ಕಲ್ಲುಹಾಸನ್ನು ದಿನಾ ಸ್ಪಿರಿಟ್ಟಿನಿಂದ ಒರೆಸಿ, ಅದರ ಮೇಲೆ ಮಾಲು ಇಟ್ಟು ಅಳೆಯುತ್ತಿದ್ದವಳು ನಾನು. ಕೂದಲೆಳೆಗಿಂತ ಸಣ್ಣ ತಪ್ಪನ್ನೂ ಹಿಡಿಯುವ ಯಂತ್ರವದು. ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗ ಮಾತ್ರ ನನ್ನ ಅಳತೆ ಎಂದೂ ಸರಿಹೋದದ್ದಿಲ್ಲ ಅನ್ನಿ.

ಅಲ್ಲಿ ಕಬ್ಬಿಣದ ಗಟ್ಟಿಗಳನ್ನು ಚೌಕವಾಗಿ ಕೊರೆಯುತ್ತಿದ್ದವನು ಮರಿಯಮ್ಮನಹಳ್ಳಿಯ ಎರ್ರಿಸ್ವಾಮಿ. ಒಂದು ಬೇಸಿಗೆಯಲ್ಲಿ ಅವನ ಗಟ್ಟಿಗಳ ಮೂಲೆಗಳೆಲ್ಲ ಓರೆ ಎಂದು ಯಂತ್ರ ತೋರಿಸತೊಡಗಿತು. ತನ್ನ ಕೆಲಸ ಸರಿಯಿದೆಯೆಂದು ಅವನು ಎಷ್ಟು ಹೇಳಿದರೂ ಮ್ಯಾನೇಜರ್ ಕೇಳಲಿಲ್ಲ. ಎಲ್ಲರೆದುರು ಬೈದು ಕೆಲಸದಿಂದ ತೆಗೆದರು.

ನನಗೆ ಸಮಾಧಾನವಾಗಲಿಲ್ಲ. ಅವನ ಗಟ್ಟಿಯೊಂದರ ಮೂಲೆ ಅಳೆದೆ. ತುಸು ಅಗಲವೆಂದು ಬಂತು. ಗಟ್ಟಿಯನ್ನು ಕಾಲು ಸುತ್ತು ತಿರುಗಿಸಿಟ್ಟು ಅದೇ ಮೂಲೆಯನ್ನು ಅಳೆದೆ. ಈಗ ತುಸು ಕಿರಿದು. ತಿರುಗಿಸಿಟ್ಟ ಮಾತ್ರಕ್ಕೆ ಕಬ್ಬಿಣ ಆಕಾರ ಬದಲಿಸುತ್ತದೆಯೇ? ಓರೆಯಾಗಿದ್ದದ್ದು ಗಟ್ಟಿಯಲ್ಲ, ಅಳೆಯುವ ಮುಳ್ಳು ಓಡಾಡುವ ಯಂತ್ರದ ಹಳಿಗಳು.

ಮ್ಯಾನೇಜರಿಗೆ ತೋರಿಸಿದ ಮೇಲೆ ಬೆಂಗಳೂರಿನಿಂದ ಎಂಜಿನಿಯರ್ ಬಂದ. ಹಳಿಗಳನ್ನು ಮುಟ್ಟಲಿಲ್ಲ, ಅವು ಎಷ್ಟು ಓರೆಯೆಂದು ಅಳೆದು, ಅಷ್ಟನ್ನು ಪ್ರತಿ ಅಳತೆಯಲ್ಲೂ ಸರಿದೂಗಿಸುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟ. ಬೇಡವೆಂದು ಎಸೆದಿದ್ದ ಗಟ್ಟಿಗಳೆಲ್ಲ ಸರಿಯೆನಿಸಿಕೊಂಡು ಲಾರಿ ಹತ್ತಿದವು. ಎರ್ರಿಸ್ವಾಮಿಯನ್ನು ಯಾರೂ ಕರೆಯಲಿಲ್ಲ. ಕೇಳಿದ್ದಕ್ಕೆ ಮ್ಯಾನೇಜರ್, "ಮಷಿನ್ ಸರಿ ಆತಲ್ರಿ ಮೇಡಂ, ಇನ್ನೇನ್ ಬೇಕು?" ಎಂದರು. ಯಂತ್ರಕ್ಕಾದರೆ ಬೆಂಗಳೂರಿನಿಂದ ಜನ ಬರಬೇಕು. ಪಕ್ಕದೂರಿನ ಮನುಷ್ಯನಿಗೆ ಒಂದು ಮಾತು ಹೇಳಿಕಳಿಸಲು ಇವರಿಗೆ ಬಾಯಿಲ್ಲ!

ನಾನೇ ಬಸ್ಸು ಹತ್ತಿ ಹೋಗಿ ಅವನಿಗೆ ಸಂಗತಿ ತಿಳಿಸಿದೆ. ಖುಷಿಪಟ್ಟಾನು ಅಂದುಕೊಂಡಿದ್ದೆ. ಅವನ ಮುಖ ಬಿಗಿಯಿತು.

"ಮನೀಗೆ ಬಂದು ನನಗ ಹೇಳಿದ್ರೇನ್ ಬಂತ್ರಿ ಅಕ್ಕಾರ? ಎಲ್ಲಾರ ಮುಂದ ಕಳ್ಳನ್ನ ದಬ್ಬಿದಂಗ ದಬ್ಯಾರ. ಅಲ್ಲೇ, ಅವರ ಮುಂದನ ಹೇಳ್ರಿ."

ಮರುದಿನ ಶಿಫ್ಟ್ ಬದಲಾಗುವ ಹೊತ್ತಿಗೆ ಎಲ್ಲರನ್ನೂ ಕರೆದು, ಕಂಪ್ಯೂಟರಿನ ತಿದ್ದುಪಡಿ ತೆಗೆಸಿ, ಗಟ್ಟಿಯನ್ನು ಇಟ್ಟು ಅಳೆದೆ, ತಿರುಗಿಸಿ ಅಳೆದೆ. ಎರ್ರಿಸ್ವಾಮಿಯ ತಪ್ಪಿಲ್ಲವೆಂದು ಕೂಗಿಯೇ ಹೇಳಿದೆ. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಸಂಜೆ, ದೊಡ್ಡ ಉಪಕಾರ ಮಾಡುವವರಂತೆ, ಬೇಕಾದರೆ ಅವನು ಬರಲಿ ಎಂದರು. ಅವನು ಬರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ರಿಪೇರಿ ಕೆಲಸಕ್ಕೆ ಸೇರಿದ.

ಇದನ್ನೆಲ್ಲ ಆ ನರ್ಸಿಗೆ ಹೇಳಿದೆ. ಅವಳು ಹತ್ತಿ ಒತ್ತಿ ಹಿಡಿದು, "ಆ ಮ್ಯಾನೇಜರ್ ಒಂದ್ ಸಲನೂ ತಪ್ಪಾತು ಅನ್ಲಿಲ್ಲೇನ್ರಿ?" ಎಂದಳು.

ಇಲ್ಲ ಎಂದೆ. ಇಷ್ಟು ವರ್ಷ ಆ ಸಿಟ್ಟು ಎರ್ರಿಸ್ವಾಮಿಯದೆಂದೇ ಹೇಳಿಕೊಂಡು ಬಂದಿದ್ದೆ. ನನ್ನ ದನಿ ಏರಿ ಪಕ್ಕದವರು ತಿರುಗಿ ನೋಡಿದಾಗ, ಅದು ನನ್ನದೂ ಹೌದೆಂದು ತಿಳಿಯಿತು.