ಸನ್ಮತಿಗೆ ಬೇಕಿದ್ದ ಒಂದು ಕುರ್ಚಿ

ಸದ್ದಿಲ್ಲದ ಕಡೆ ಸನ್ಮತಿಯ ಬುದ್ಧಿ ಓಡುತ್ತಿರಲಿಲ್ಲ. ಚದುರಂಗ ಆಡುವವರಿಗೆ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ ಬೇಕು ಅನ್ನುತ್ತಾರೆ. ಇವನದು ಉಲ್ಟಾ. ಇಚಲಕರಂಜಿಗೆ ಅಂಟಿಕೊಂಡ ನಮ್ಮ ಕಬನೂರಿನಲ್ಲಿ, ಎಂಟು ಮಗ್ಗಗಳ ಷೆಡ್ಡಿಗೆ ಬೆನ್ನು ಕೊಟ್ಟ ಮನೆಯಲ್ಲಿ ಹುಟ್ಟಿದವನು. ಖಟಕ್ ಖಟಕ್ ಎಂಬ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿದವನು. ವಾರಕ್ಕೊಮ್ಮೆ ಕರೆಂಟು ತೆಗೆದು ಮಗ್ಗಗಳು ನಿಂತರೆ ನಮ್ಮ ಓಣಿಯ ಕೂಸುಗಳೆಲ್ಲ ಎಚ್ಚರಾಗಿ ಅಳುತ್ತವೆ. ಇವನು ಮೀಸೆ ಮೂಡಿದ ಮೇಲೂ ಅವತ್ತು ಮುಖ ಸಣ್ಣದು ಮಾಡಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದ. "ಕಾಕಾ, ಇವತ್ತ ತಲ್ಯಾಗ ಏನೂ ಹೊಳೀವಲ್ದು ನೋಡ್ರಿ," ಎನ್ನುತ್ತಿದ್ದ.

ನನ್ನದು ಮಗ್ಗದ ಸಾಮಾನಿನ ಅಂಗಡಿ. ಲಾಳಿ, ಬೆಲ್ಟು, ನಟ್ಟು ಬೋಲ್ಟುಗಳ ನಡುವೆ ಒಂದು ಚದುರಂಗದ ಪಟ ಸದಾ ಹಾಸಿರುತ್ತಿತ್ತು. ಗಡಹಿಂಗ್ಲಜ ಕಡೆಯ ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದ ನಾನು ಈ ಓಣಿಯಲ್ಲಿ ಗಳಿಸಿದ ಹೆಸರೆಂದರೆ ಆ ಪಟದ ಮೇಲಿನದಷ್ಟೇ. ಒಂಬತ್ತು ವರ್ಷದ ಸನ್ಮತಿ ಒಂದು ಮಧ್ಯಾಹ್ನ ಅದನ್ನು ಮಣ್ಣುಪಾಲು ಮಾಡಿದ. ಆಡುವಾಗ ಅವನು ಪಟವನ್ನೇ ನೋಡುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿ, ತಗಡಿನ ಮಾಡಿನ ತೂತಿನಿಂದ ಇಳಿದ ಬಿಸಿಲಿನಲ್ಲಿ ತೇಲುವ ಹತ್ತಿಯ ಎಳೆಗಳನ್ನು ನೋಡುತ್ತ ಕೂತಿರುತ್ತಿದ್ದ. ಕೈ ಮಾತ್ರ ತಾನಾಗಿ ಬಂದು ಕಾಯಿ ಸರಿಸಿ ಹೋಗುತ್ತಿತ್ತು.

ಕಾಯಿ "ಹೊಡೆದೆ" ಎಂದು ಅವನು ಒಮ್ಮೆಯೂ ಅಂದವನಲ್ಲ. ಜೈನರ ಮನೆ, ಆಟದಲ್ಲಿ ಕೂಡ ಹೊಡಿ, ಕೊಲ್ಲು ಅನ್ನಕೂಡದೆಂದು ಅವನ ಅಜ್ಜಿ ತಾಕೀತು ಮಾಡಿದ್ದಳು. "ನಿಮ್ಮ ಆನಿ ಕರಕೊಂಡ್ನಿ ಕಾಕಾ," ಎನ್ನುವನು, ಬಹಳ ನಯವಾಗಿ.

"ಕರಕೊಂಡ ಹೋಗಿ ಚಾ ಕುಡಸ್ತೀ ಏನಲೇ?" ಎಂದು ನಾನು ಉರಿದುಬೀಳುತ್ತಿದ್ದೆ.

"ಪಾಪ, ದಣದಿರತೈತೆಲ್ರಿ."

ಮೊದಲ ದೊಡ್ಡ ಪಂದ್ಯಕ್ಕೆ ಕೊಲ್ಹಾಪುರಕ್ಕೆ ನಾನೇ ಕರೆದುಕೊಂಡು ಹೋದೆ. ಅವನ ಅಪ್ಪನಿಗೆ ಮಗ್ಗ ಬಿಟ್ಟು ಬರುವ ಹಾಗಿರಲಿಲ್ಲ. ದೊಡ್ಡ ಸಭಾಂಗಣ, ಬಗ್ಗಿದ ತಲೆಗಳ ಸಾಲು, ಯಾರ ಉಸಿರೂ ಕೇಳಿಸದು. ಹುಡುಗ ಬೆಪ್ಪಾಗಿ ಕೂತ. ಸ್ವಲ್ಪ ಹೊತ್ತಿಗೆ ಮೇಜಿನ ಕೆಳಗೆ ಅವನ ಕಾಲು ಮಗ್ಗದ ಲಯ ಹಿಡಿದು ನೆಲ ಬಡಿಯತೊಡಗಿತು. ಎದುರಿಗೆ ಕೂತವನು ಕೈಯೆತ್ತಿ ದೂರು ಕೊಟ್ಟ. ಪಂದ್ಯದ ಪಂಚರು ಬಂದು ಕಾಲು ನಿಲ್ಲಿಸಿದರು. ಕಾಲು ನಿಂತದ್ದೇ ತಡ, ತಲೆಯೂ ನಿಂತಿತು. ಮೂರು ದಿನ ಸೋತದ್ದೇ ಸೋತದ್ದು.

ಆ ಸಲದ ರಜೆಯಲ್ಲಿ ಅವನನ್ನು ನನ್ನ ಹಳ್ಳಿಗೆ ಕರೆದೊಯ್ದೆ. ಮಧ್ಯಾಹ್ನದ ಊಟ ಮುಗಿಸಿ ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ಪಟ ಹಾಸಿಕೊಂಡು ಕೂಡುತ್ತಿದ್ದೆವು. ಬೇಸಿಗೆಯಲ್ಲಿ ಅಲ್ಲಿ ನೀರು ಕೂಡ ಸದ್ದು ಮಾಡದೆ ಹರಿಯುತ್ತದೆ. ಕಬ್ಬಿನ ಗರಿ ಅಲ್ಲಾಡುವುದಿಲ್ಲ. ಮೂರು ದಿನ ಅವನು ಚಡಪಡಿಸಿದ, ತೂಕಡಿಸಿದ, ಮನೆಗೆ ಹೋಗೋಣ ಎಂದು ಹಟ ಹಿಡಿದ. ನಾಲ್ಕನೆಯ ದಿನ ಕಣ್ಣು ಮುಚ್ಚಿಕೊಂಡೇ ನಕ್ಕ. "ಕಾಕಾ, ತಲ್ಯಾಗ ಎಂಟೂ ಮಗ್ಗ ಚಾಲೂ ಮಾಡೇನಿ. ಈಗ ಛಲೋ ಕೇಳಸಾಕತ್ತಾವ." ಆಮೇಲೆ ನನ್ನ ವಜೀರನನ್ನು ಕರೆದುಕೊಂಡು ಹೋದ. ಆ ಹೊತ್ತು ನಿಜವಾಗಿ ನಡೆದದ್ದೋ, ಹೊಳೆಯ ದಂಡೆಯಲ್ಲಿ ಮಂಪರು ಹತ್ತಿ ನಾನು ಕಂಡ ಕನಸೋ ಎಂದು ಈಗೀಗ ಸಂಶಯ ಬರುತ್ತದೆ.

ಹತ್ತೊಂಬತ್ತಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದ. ಕಬನೂರಿನ ಚೌಕದಲ್ಲಿ ಆಳೆತ್ತರದ ಬ್ಯಾನರು ಕಟ್ಟಿದರು. ಅದರಲ್ಲೂ ಅವನ ಕಣ್ಣು ಅರ್ಧ ಮುಚ್ಚಿತ್ತು. ಫೋಟೋ ತೆಗೆಯುವಾಗಲೂ ನಿದ್ದೆ ಹೊಡೆದನೇನು ಎಂದು ಓಣಿಯವರು ನಕ್ಕರು. ಬ್ಯಾನರು, ಶಾಲು, ಹಾರ ಯಾವುದರ ಮೇಲೂ ಅವನಿಗೆ ಮನಸ್ಸಿರಲಿಲ್ಲ. ಅವನಿಗೆ ಬೇಕಾದದ್ದು ಒಂದೇ: ದೇಶ ದೇಶಗಳ ತಂಡಗಳು ಸೇರಿ ಆಡುವ ದೊಡ್ಡ ಪಂದ್ಯದಲ್ಲಿ, ಮೇಜಿನ ಮೇಲೆ ಪುಟ್ಟ ಬಾವುಟ ಇಟ್ಟಿರುತ್ತಾರಲ್ಲ, ಅದರ ಹಿಂದೆ ಒಂದು ಕುರ್ಚಿ. ತಂಡದ ಪಟ್ಟಿ ಹೊರಬಿದ್ದಾಗಲೆಲ್ಲ ಎಲ್ಲಿದ್ದರೂ ಫೋನು ಮಾಡುತ್ತಿದ್ದ. "ಈ ಸಲಾನೂ ಇಲ್ರಿ ಕಾಕಾ."

"ಮುಂದಿನ ಸಲ ಬರತೈತಿ ಬಿಡೋ," ಎನ್ನುತ್ತಿದ್ದೆ.

"ಮುಂದ ಇದ್ದೋರು ನನಕಿಂತ ಭಾಳ ಛಲೋ ಆಡ್ತಾರ್ರಿ. ಹಿಂದಿನಿಂದ ಬರೋ ಹುಡುಗ್ರಂತೂ ಕೇಳಬ್ಯಾಡ್ರಿ." ಯಾರ ಮೇಲೂ ದೂರು ಹೇಳುತ್ತಿರಲಿಲ್ಲ. ದೂರುವುದಕ್ಕೆ ಯಾರ ತಪ್ಪೂ ಇರಲಿಲ್ಲ ಎಂಬುದೇ ದೊಡ್ಡ ತೊಂದರೆಯಾಗಿತ್ತು. ಹೀಗೆ ಆರು ವರ್ಷ ಕಳೆದವು.

ಒಂದು ದಿನ ಅಂಗಡಿಗೆ ಬಂದು ಪಟದ ಮುಂದೆ ಕೂತವನು ಕಾಯಿ ಮುಟ್ಟಲಿಲ್ಲ. "ಕಾಕಾ, ಬ್ಯಾರೆ ದೇಶದ ತಂಡಕ್ಕ ಆಡಬೇಕಂತ ಮಾಡೇನಿ. ಮೊದಲನೇ ಕುರ್ಚೀನ ಕೊಡತಾರಂತ. ಪಾಸ್‌ಪೋರ್ಟೂ ಕೊಡತಾರ. ನಮ್ಮದು ತಿರುಗಿ ಒಪ್ಪಸಬೇಕು." ದೇಶದ ಹೆಸರು ಹೇಳಿದ. ಎಲ್ಲೋ ಉತ್ತರದ ಸಮುದ್ರದ ಅಂಚಿನ ಪುಟ್ಟ ನಾಡು.

"ಇಲ್ಲೆ ನಿನಗ ಏನ್ ಕಮ್ಮಿ ಆಗಿತ್ತಲೇ?"

"ಒಂದ ಕುರ್ಚಿ, ಕಾಕಾ."

ನನ್ನ ಸಿಟ್ಟು ನನ್ನ ಕೈಯಲ್ಲಿ ಇರುವಂಥದ್ದಲ್ಲ. "ಹಂಗಾರ ನಡಿ. ಇನ್ನ ಈ ಅಂಗಡಿ ಕಟ್ಟಿ ಹತ್ತಬ್ಯಾಡ," ಅಂದುಬಿಟ್ಟೆ. ಅವನು ಕಾಯಿಗಳನ್ನೆಲ್ಲ ಒಂದೊಂದಾಗಿ ಅವುಗಳ ಮನೆಗೆ ಸೇರಿಸಿದ. ಕಾಲು ಮುಟ್ಟಲು ಬಗ್ಗಿದಾಗ ನಾನು ಕಾಲು ಹಿಂದಕ್ಕೆಳೆದುಕೊಂಡೆ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅವನು ಹೋದ ಮೇಲೆ ಪಟ ಮಡಚಿ ಲಾಳಿಗಳ ಪೆಟ್ಟಿಗೆಯೊಳಗೆ ತುರುಕಿದೆ. ಎರಡು ವರ್ಷ ಅವನೊಡನೆ ಮಾತಾಡಲಿಲ್ಲ. ಆ ದೇಶದ ಹೆಸರನ್ನೂ ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಅಲ್ಲೆಲ್ಲೋ ಹೋಗ್ಯಾನ" ಎನ್ನುತ್ತಿದ್ದೆ.

ಆದರೆ ಕದ್ದು ಮೊಬೈಲಿನಲ್ಲಿ ಅವನ ಆಟ ನೋಡುತ್ತಿದ್ದೆ. ಕೊನೆಗೂ ಕುರ್ಚಿ ಸಿಕ್ಕಿತು. ಆ ದೊಡ್ಡ ಪಂದ್ಯದ ಒಂದು ಸುತ್ತಿನಲ್ಲಿ ಅವನ ತಂಡಕ್ಕೆ ನಮ್ಮ ತಂಡವೇ ಎದುರು ಬಿತ್ತು. ಗಿರಾಕಿಗಳನ್ನು ಹಾಗೇ ಕಳಿಸಿ ನಾಲ್ಕು ತಾಸು ಆ ಸಣ್ಣ ಪರದೆ ನೋಡುತ್ತ ಕೂತೆ. ಯಾರು ಗೆಲ್ಲಲಿ ಎಂದು ಕೇಳಿಕೊಳ್ಳಬೇಕೋ ತಿಳಿಯಲಿಲ್ಲ. ಇವನು ಮುಂದೆ ಸರಿದರೆ ಎದೆ ಉಬ್ಬುವುದು, ಮರುಕ್ಷಣ ನಮ್ಮ ಬಾವುಟ ಕಂಡು ಮೊಬೈಲನ್ನು ಬೋರಲು ಹಾಕುತ್ತಿದ್ದೆ. ಸೋತ. ಅವತ್ತು ಬೇಗ ಅಂಗಡಿ ಮುಚ್ಚಿ ಮನೆಗೆ ಹೋದೆ.

ಹೋದ ಚಳಿಗಾಲ ಕೊಲ್ಹಾಪುರದಲ್ಲಿ ಅವನ ತಂಗಿಯ ಮದುವೆ ಇತ್ತು. ನಾನು ಹೋಗಲಿಲ್ಲ. ಮದುವೆಯ ಮರುದಿನ ಮಧ್ಯಾಹ್ನ ಅವನೇ ಬ್ಯಾಗು ಹೆಗಲಿಗೇರಿಸಿಕೊಂಡು ಅಂಗಡಿಯ ಮುಂದೆ ಬಂದು ನಿಂತ.

"ಹತ್ತಬ್ಯಾಡ ಅಂದಿದ್ರಿ ಕಾಕಾ. ಹತ್ತಾಕತ್ತೇನಿ, ಬೈದ್ರ ಬೈರಿ."

"ಕೂಡು," ಎಂದೆ. ಚಹಾ ಬಂತು. ಅದು ಮುಗಿದ ಮೇಲೆ, ಆ ಪಂದ್ಯದ ದಿನದಿಂದ ಮನಸ್ಸಿನಲ್ಲಿ ಇದ್ದದ್ದನ್ನು ಕೇಳಿದೆ. "ನಮ್ಮೋರ ಮುಂದ ಸೋತೆಲ್ಲ. ಬೇಕಂತ ಸೋತೆ ಏನು?"

"ಇಲ್ರಿ ಕಾಕಾ. ಗೆಲ್ಲಾಕ ಭಾಳ ಬಡದಾಡಿದೆ. ಆಗಲಿಲ್ಲ."

ನನ್ನ ಕಣ್ಣು ತುಂಬಿ ಬಂದವು. ಹೌದು, ಬೇಕಂತಲೇ ಸೋತೆ ಅಂದಿದ್ದರೆ ನಾನು ಅವನನ್ನು ಎಂದೂ ಕ್ಷಮಿಸುತ್ತಿರಲಿಲ್ಲ. ಲಾಳಿಗಳ ಪೆಟ್ಟಿಗೆಯಿಂದ ಪಟ ತೆಗೆದು ಧೂಳು ಒರೆಸಿ ಹಾಸಿದೆ.

ಅವನ ಮನೆಯವರೆಲ್ಲ ಇನ್ನೂ ಕೊಲ್ಹಾಪುರದಲ್ಲೇ ಇದ್ದರು; ಅವತ್ತು ನಮ್ಮ ಮನೆಯಲ್ಲೇ ಉಳಿಯುತ್ತೇನೆ ಎಂದ. ಆದರೆ ಪರದೇಶದವರು ಯಾರ ಮನೆಯಲ್ಲಿ ಉಳಿಯುತ್ತಾರೋ ಆ ಮನೆಯವರು ಪೊಲೀಸರಿಗೆ ಒಂದು ಅರ್ಜಿ ತುಂಬಿ ಕೊಡಬೇಕಂತೆ. ಇಬ್ಬರೂ ಠಾಣೆಗೆ ಹೋದೆವು. ಅಲ್ಲಿದ್ದ ಹವಾಲ್ದಾರರು ಅವನನ್ನೂ ನನ್ನನ್ನೂ ನೋಡಿ, ಇವನು ನಿಮಗೆ ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದರು. "ಘರಚಾಚ್ ಆಹೇ," ಎಂದೆ. ಮನೆಯವನೇ.

"ಘರಚಾ ಆಹೇ ತರ ಫಾರ್ಮ್ ಕಶಾಲಾ?" ಮನೆಯವನಾದರೆ ಅರ್ಜಿ ಯಾಕೆ ಎಂದು ಅವರು ನಕ್ಕರು. ಸನ್ಮತಿಯೂ ನಕ್ಕ. ನನಗೆ ನಗು ಬರಲಿಲ್ಲ.

ನನ್ನ ಹೆಸರು, ವಿಳಾಸ, ಅವನ ಹೆಸರು ಬರೆದೆ. ದೇಶ ಎಂಬಲ್ಲಿ ಪೆನ್ನು ನಿಂತಿತು. ಅವನು ನನ್ನ ಮುಖ ನೋಡುತ್ತಿದ್ದ. ನನ್ನ ಕೈಯಾರೆ ಆ ಹೆಸರು ಬರೆದೆ. ಎಷ್ಟು ದಿನ ಉಳಿಯುತ್ತಾರೆ ಎಂಬುದು ಕೊನೆಯ ಪ್ರಶ್ನೆ. "ಒಂದ ದಿನ ಅಂತ ಬರೀರಿ ಕಾಕಾ, ನಾಳೆ ಮುಂಜಾನೆ ಹೋಗಬೇಕು," ಎಂದ. ನಾನು ಹದಿನೈದು ದಿನ ಎಂದು ಬರೆದೆ. ಅವನು ನೋಡಿ, ಅರ್ಜಿಯನ್ನು ಹವಾಲ್ದಾರರ ಕೈಗೆ ಕೊಟ್ಟ.

ಮರುದಿನ ಮುಂಜಾನೆ ಕೊಲ್ಹಾಪುರದ ಬಸ್ಸು ಹತ್ತಿಸಿ ಬಂದೆ. ಆಮೇಲೆ ಅವನು ಬಂದಿಲ್ಲ. ಆದರೆ ಸರ್ಕಾರದ ಕಾಗದದ ಪ್ರಕಾರ ಅವನು ಇನ್ನೂ ಹದಿನಾಲ್ಕು ದಿನ ನಮ್ಮ ಮನೆಯಲ್ಲೇ ಇದ್ದ. ಅಷ್ಟು ದಿನವೂ ಪಡಸಾಲೆಯಲ್ಲಿ ಹಾಸಿದ್ದ ಅವನ ಹಾಸಿಗೆಯನ್ನು ಸುತ್ತಿಡಲು ನಾನು ಹೆಂಡತಿಗೆ ಬಿಡಲಿಲ್ಲ.