ವರ್ಲೀನ್‌ಳ ಕಾಫಿ ಡಬ್ಬಿ

ವರ್ಲೀನ್ ಹಟ್ಟೊ ಮನುಷ್ಯರ ಪರ ನಿಂತವಳಲ್ಲ, ಹುಲ್ಲಿನ ಪರ. ಅರವತ್ತೆಂಟರ ವಯಸ್ಸಿನಲ್ಲೂ ಫ್ಲೋರಿಡಾದ ಜೂನ್ ಬಿಸಿಲಿನಲ್ಲಿ ಮಂಡಿಯೂರಿ, ಕಂಡವರ ಅಂಗಳದ ಬೋಳು ಜಾಗಗಳಿಗೆ ಹುಲ್ಲು ನಾಟುವುದೇ ಅವಳ ಕಸುಬು. ಅವಳು ಯಾರನ್ನಾದರೂ ಹೊಗಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ನನ್ನ ಪಕ್ಕದ ಮನೆಯ ರಾಯ್ಸ್ ಟಿಂಡಾಲ್. ಅಂಥ ಕೊಬ್ಬಿನ ಮನುಷ್ಯ ಇನ್ನೊಬ್ಬನಿಲ್ಲ. ಕಾರು ನಿಲ್ಲಿಸುವ ಕಾಂಕ್ರೀಟಿನ ಅಂಚಿಗೆ ಅವನ ಹುಲ್ಲು ಅಲ್ಲಲ್ಲಿ ಒಣಗಿತು. ನಮ್ಮ ಬೀದಿಯಲ್ಲಿ ಹುಲ್ಲು ದುಂಡಗೆ ಒಣಗಿದರೆ ನಾಯಿ ಉಚ್ಚೆ ಹೊಯ್ದಿದೆ ಎಂದೇ ತೀರ್ಮಾನ, ಬೇರೆ ವಿಚಾರಣೆಯೇ ಇಲ್ಲ. ಅವನು ಬಡಾವಣೆಯ ಸಮಿತಿಗೆ ದೂರು ಬರೆದ. ಶನಿವಾರದೊಳಗೆ ನನ್ನ ನಾಯಿ ಗ್ರಿಟ್ಸ್‌ನನ್ನು ಬಡಾವಣೆಯಿಂದ ಹೊರಗೆ ಕಳಿಸಬೇಕೆಂದು ಸಮಿತಿ ನನಗೆ ನೋಟಿಸು ಕೊಟ್ಟಿತು. ಹದಿಮೂರು ವರ್ಷದ ಮುದಿ ಪ್ರಾಣಿ, ಮೆಟ್ಟಿಲಿಳಿಯಲೂ ಒದ್ದಾಡುತ್ತದೆ. 

ಗುರುವಾರ ಟಿಂಡಾಲ್ ವರ್ಲೀನ್‌ಳನ್ನು ಕರೆಸಿದ. ನಾನು ಬೇಕೆಂದೇ ಬೇಲಿಯ ಹತ್ತಿರ ಹೋಗಿ ನಿಂತೆ.

"ಎಲ್ಲಾ ಆ ದರಿದ್ರ ನಾಯಿ ಕೆಲ್ಸ. ಬೇಗ ತೇಪೆ ಹಾಕು," ಅಂದ.

"ಬಾಯ್ಮುಚ್ಕೊಂಡು ಒಂದು ಬಕೆಟ್ ನೀರು ತಾ," ಅಂದಳು ವರ್ಲೀನ್.

ತಳವೂ ಮುಚ್ಚಳವೂ ಇಲ್ಲದ ಕಾಫಿ ಡಬ್ಬಿಯೊಂದನ್ನು ಒಣಹುಲ್ಲು ಮುಗಿದು ಹಸಿರು ಶುರುವಾಗುವ ಕಡೆ ನೆಲಕ್ಕೆ ಒತ್ತಿ, ತುಂಬ ನೀರು ಹೊಯ್ದಳು. ಐದು ನಿಮಿಷ ಕಳೆದಿರಬೇಕು. ಜೀರಿಗೆಯಷ್ಟು ಗಾತ್ರದ ಕಪ್ಪು ಹುಳುಗಳು ಒಂದೊಂದೇ ಮೇಲೆ ತೇಲಿಬಂದವು.

"ಹುಲ್ಲುತಿಗಣೆ. ರಸ ಹೀರಿ ಸಾಯ್ಸಿವೆ. ಇದೂ ನಾಯಿ ಉಚ್ಚೇನೇ ಏನಯ್ಯಾ, ಮಹಾನುಭಾವ?"

ಟಿಂಡಾಲ್ ಮುಖ ಗಂಟಿಕ್ಕಿದ. "ಸರಿ ಬಿಡು. ಔಷಧಿ ಹೊಡ್ದು ನಾಟಿ ಮಾಡು."

"ಔಷಧಿ ಹೊಡೀತೀನಿ. ಆದ್ರೆ ಈ ಹುಲ್ಲಿಗೆ ಬೀಜ ಹಾಕಿದ್ರೆ ಬರಲ್ಲ, ಬೇರು ಮಣ್ಣು ಸಮೇತ ಕಿತ್ತ ತುಂಡು ಬೇಕು. ನಿನ್ನ ಹುಲ್ಲಲ್ಲೆಲ್ಲಾ ಹುಳ. ಈ ಹಳೇ ಜಾತಿ ನರ್ಸರಿಯೋರು ಮಾರೋದೇ ನಿಲ್ಸಿದಾರೆ, ಬೇರೆ ಜಾತಿ ಹಾಕಿದ್ರೆ ತೇಪೆ ಎದ್ದು ಕಾಣತ್ತೆ. ಬೀದೀಲಿ ಚೊಕ್ಕವಾಗಿ ಉಳ್ದಿರೋದು ಅಲ್ಲೊಂದೇ ಕಡೆ." ಬೇಲಿಯಾಚೆ ನನ್ನ ಹಿತ್ತಲಿಗೆ ಕೈ ತೋರಿಸಿದಳು. ಗ್ರಿಟ್ಸ್ ದಿನಾ ಉಚ್ಚೆ ಹೊಯ್ಯುವ ಹಿತ್ತಲು ಅದು. ನನಗೆ ನಗು ತಡೆಯಲಾಗಲಿಲ್ಲ.

ಸಂಜೆಯೊಳಗೆ ಅವನು ದೂರು ವಾಪಸು ತೆಗೆದುಕೊಂಡು, ನೋಟಿಸು ರದ್ದಾದ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದ. ಹಿಂದೆ ವರ್ಲೀನ್, ಕೈಯಲ್ಲಿ ಹುಲ್ಲು ಕೀಳುವ ಕಬ್ಬಿಣದ ಕೊಳವೆ.

"ತಪ್ಪಾಯ್ತು, ನೇಡೀನ್. ಇಪ್ಪತ್ತು ತುಂಡು ಕೊಟ್ರೆ ಸಾಕು," ಅಂದ.

ಕಾಗದ ಇಸಿದುಕೊಂಡು ಎರಡು ಸಲ ಓದಿದೆ. ಗ್ರಿಟ್ಸ್ ಉಳಿದಿದ್ದ. "ಒಂದೆಸಳೂ ಕೊಡಲ್ಲ, ಹೋಗೋ," ಅಂದೆ. ಆಗ ಎಷ್ಟು ಖುಷಿಯಾಯಿತೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಟಿಂಡಾಲ್ ಹಲ್ಲು ಕಡಿಯುತ್ತ ಹೋದ. ವರ್ಲೀನ್ ಮಾತ್ರ ಅಲ್ಲೇ ನಿಂತಿದ್ದಳು.

"ಅವ್ನು ಹಾಳಾಗ್ ಹೋಗ್ಲಿ. ಆ ಹುಲ್ಲು ಏನೇ ಮಾಡಿತ್ತು ನಿಂಗೆ?"

"ನಿಂಗ್ಯಾಕೆ ಉರಿ? ಅವ್ನ ಅಂಗಳ ಬೋಳಾಗೇ ಇರ್ಲಿ."

"ಅವ್ನ ಮೇಲಿನ ಸಿಟ್ಟನ್ನ ಬಾಯಿಲ್ಲದ್ದರ ಮೇಲೆ ತೀರಿಸ್ಕೋತೀಯ. ಅವ್ನೂ ನಿನ್ನ ನಾಯಿಗೆ ಇದನ್ನೇ ತಾನೆ ಮಾಡಿದ್ದು?"

ಅವಳ ಮುಖದ ಮೇಲೇ ಬಾಗಿಲು ಹಾಕಿಕೊಂಡೆ.